ಮುಚ್ಚಿದ ಡಬ್ಬದೊಳಗೆ ಬೆಳಕು: ಕನ್ನಡಿ ಗೆಲ್ಲುತ್ತದೋ, ಬಿಳಿ ಗೋಡೆಯೋ? ಮನೆಯಲ್ಲೇ ಮಾಡಿ ನೋಡುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ 20×30 ಸೈಟಿನ ಮನೆಗಳಲ್ಲಿ ಮಟಮಟ ಮಧ್ಯಾಹ್ನವೂ ಲೈಟ್ ಹಾಕಿಕೊಂಡು ಕೂರುವುದು ಹೊಸದೇನಲ್ಲ. ಪಕ್ಕದ ಮನೆಯ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಬೆಳಕು ಬಂದರೆ ಮುಂದಿನ ಕಿಟಕಿಯಿಂದ ಬರಬೇಕು, ಇಲ್ಲವೇ ಡಕ್ಟ್‌ನಿಂದ ಇಳಿಯಬೇಕು. ಇಂಥ ಮನೆಗೆ ಬಂದವರಲ್ಲಿ ಒಬ್ಬರಾದರೂ ಹೇಳೇ ಹೇಳುತ್ತಾರೆ: "ಹಾಲ್‌ನಲ್ಲಿ ಒಂದು ದೊಡ್ಡ ಕನ್ನಡಿ ಹಾಕಿಸಿಬಿಡಿ ಸಾರ್, ಬೆಳಕು ಡಬಲ್ ಆಗುತ್ತೆ."

ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಕನ್ನಡಿ ನಿಜವಾಗಿ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಅಂಗೈಯಗಲದ ಡಬ್ಬದಲ್ಲೇ ಕಣ್ಣಾರೆ ನೋಡಬಹುದು. ಶನಿವಾರ, ಭಾನುವಾರ ಕೂತರೆ ಮುಗಿಯುವ ಕೆಲಸ. ಮನೆಯಲ್ಲಿ ಮಕ್ಕಳಿದ್ದರೆ ಸೇರಿಸಿಕೊಳ್ಳಿ. ಗಾಜು ಮತ್ತು ಲೇಸರ್ ಇರುವ ಹಂತಗಳಲ್ಲಿ ಮಾತ್ರ ದೊಡ್ಡವರೇ ಕೈ ಹಾಕಿ.

ಮೊದಲು ಒಂದು ಲೆಕ್ಕ

ಬೆಳಕು ಗೋಡೆಗೆ ಬಡಿದಾಗ ಒಂದು ಪಾಲು ವಾಪಸ್ ಬರುತ್ತದೆ, ಉಳಿದದ್ದನ್ನು ಗೋಡೆ ನುಂಗುತ್ತದೆ. ನುಂಗಿದ್ದು ಬಿಸಿಯಾಗಿ ಹೋಗುತ್ತದೆ. ಮುಚ್ಚಿದ ಜಾಗದಲ್ಲಿ ವಾಪಸ್ ಬಂದದ್ದು ಇನ್ನೊಂದು ಗೋಡೆಗೆ ಬಡಿಯುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಡಿತ. ಚಕ್ರಬಡ್ಡಿಯನ್ನು ತಿರುಗಿಸಿ ಹಾಕಿದ ಹಾಗೆ.

ಹೀಗೆ ಬಡಿದು ಬಡಿದು ಬಂದ ಬೆಳಕೆಲ್ಲ ಸೇರಿ ಒಳಗೆ ಎಷ್ಟು ಬೆಳಕಿರುತ್ತದೆ? ವಾಪಸ್ ಬರುವ ಪಾಲನ್ನು ನುಂಗಿಹೋಗುವ ಪಾಲಿನಿಂದ ಭಾಗಿಸಿ. ನೂರಕ್ಕೆ 80 ವಾಪಸ್ ಕೊಡುವ ಗೋಡೆಗೆ 80 ಭಾಗಿಸು 20, ಅಂದರೆ ದೀಪ ಕೊಟ್ಟದ್ದರ 4 ಪಟ್ಟು. ನೂರಕ್ಕೆ 90 ಕೊಡುವ ಗೋಡೆಗೆ 9. ನೂರಕ್ಕೆ 97 ಕೊಡುವ ಗೋಡೆಗೆ 32. ಕೊನೆಯ ಎರಡನ್ನು ಇನ್ನೊಮ್ಮೆ ನೋಡಿ. 90ಕ್ಕೂ 97ಕ್ಕೂ ಇರುವ ವ್ಯತ್ಯಾಸ ಏಳೇ ಏಳು. ಡಬ್ಬದೊಳಗಿನ ಬೆಳಕು ಮಾತ್ರ ಮೂರೂವರೆ ಪಟ್ಟು ಜಾಸ್ತಿ.

ಗೋಡೆ ಹೊಳೆಯುತ್ತದೋ ಇಲ್ಲವೋ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಎಷ್ಟು ನುಂಗುತ್ತದೆ ಅನ್ನುವುದಷ್ಟೇ ಮುಖ್ಯ. ಮನೆಯಲ್ಲಿರುವ ಸಾಧಾರಣ ಕನ್ನಡಿ ನೂರಕ್ಕೆ 85ರಿಂದ 90ರಷ್ಟು ಬೆಳಕನ್ನು ವಾಪಸ್ ಕೊಡುತ್ತದೆ. ಒಳ್ಳೆಯ ಬಿಳಿ ಬಣ್ಣವೂ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತದೆ. ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಹತ್ತಾರು ಪದರ ಹಾಕಿದರೆ 95 ದಾಟುತ್ತದೆ. ಹತ್ತಿಪ್ಪತ್ತು ರೂಪಾಯಿಯ ಟೇಪು ಕನ್ನಡಿಯನ್ನು ಸೋಲಿಸುತ್ತದೆ!

ಎಲ್ಲರೂ ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. ಆರೂ ಕಡೆ ಕನ್ನಡಿ ಇರುವ ಡಬ್ಬದೊಳಗೆ ಲೈಟ್ ಹಾಕಿ, ಆರಿಸಿದರೆ ಬೆಳಕು ಒಳಗೇ ಸುತ್ತುತ್ತಿರುತ್ತದಾ? ಸುತ್ತುತ್ತದೆ, ಆದರೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ. ನೂರಕ್ಕೆ 90 ಕೊಡುವ ಕನ್ನಡಿಗೆ 44 ಸಲ ಬಡಿದ ಮೇಲೆ ಮೂಲ ಬೆಳಕಿನ ನೂರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ, 30 ಸೆಂ.ಮೀ. ಓಡುತ್ತದೆ. 10 ಸೆಂ.ಮೀ. ಡಬ್ಬದಲ್ಲಿ 44 ಬಡಿತಕ್ಕೆ 15 ನ್ಯಾನೊಸೆಕೆಂಡ್ ಸಾಕು. ರೆಪ್ಪೆ ಮಿಟುಕಿಸಲು ಬೇಕಾದ ಹೊತ್ತಿನಲ್ಲಿ ಈ ಆಟ ಲಕ್ಷಾಂತರ ಸಲ ಆಗಿ ಮುಗಿದಿರುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಎಳೆದು ಎಳೆದು ಉದ್ದ ಮಾಡಿದವರಿದ್ದಾರೆ. ಫ್ರಾನ್ಸ್‌ನ ಸೆರ್ಜ್ ಅರೋಶ್ ಅವರ ತಂಡ ಮೂರು ಸೆಂ.ಮೀ.ಗಿಂತ ಕಡಿಮೆ ಅಂತರದ ಎರಡು ಕನ್ನಡಿಗಳ ನಡುವೆ ಒಂದು ಫೋಟಾನನ್ನು, ಅಂದರೆ ಬೆಳಕಿನ ಒಂದೇ ಒಂದು ಕಣವನ್ನು, ಸರಾಸರಿ 0.13 ಸೆಕೆಂಡ್ ಹಿಡಿದಿಟ್ಟಿತು. ಅಷ್ಟರಲ್ಲಿ ಅದು ಓಡಿದ ದೂರ ಸುಮಾರು 40,000 ಕಿ.ಮೀ., ಹೆಚ್ಚುಕಮ್ಮಿ ಭೂಮಿಗೆ ಒಂದು ಸುತ್ತು. ಆದರೆ ಅದು ಕಣ್ಣಿಗೆ ಕಾಣುವ ಬೆಳಕಲ್ಲ, ಮೈಕ್ರೊವೇವ್. ಕನ್ನಡಿಗಳು ಅತಿವಾಹಕ (ವಿದ್ಯುತ್ತಿಗೆ ತಡೆಯೇ ಒಡ್ಡದ) ನಿಯೋಬಿಯಂ ಲೇಪದವು, ಇಟ್ಟದ್ದು ಮೈನಸ್ 272 ಡಿಗ್ರಿಯ ಚಳಿಯಲ್ಲಿ. ಇಂಥ ಕೆಲಸಕ್ಕಾಗಿ 2012ರ ಭೌತಶಾಸ್ತ್ರದ ನೊಬೆಲ್ ಅರೋಶ್ ಮತ್ತು ಡೇವಿಡ್ ವೈನ್‌ಲ್ಯಾಂಡ್ ಇಬ್ಬರಿಗೂ ಬಂತು.

ಹಂತ 1: ಸಾಮಾನು ತರುವುದು

ಚಿಕ್ಕಪೇಟೆ ಮೆಟ್ರೊ ಇಳಿದರೆ ಬಹುಪಾಲು ಸಾಮಾನು ನಡೆಯುವ ದೂರದಲ್ಲೇ ಸಿಗುತ್ತದೆ. ಎಸ್.ಪಿ. ರೋಡಿನಲ್ಲಿ 5 ಮಿ.ಮೀ. ಬಿಳಿ ಎಲ್‌ಇಡಿ, 330 ಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್ ತೆಗೆದುಕೊಳ್ಳಿ. ರೆಸಿಸ್ಟರ್ ಮರೆತರೆ ಎಲ್‌ಇಡಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಥಾನು ಸುತ್ತಿ ಬಂದ ಉದ್ದ ರಟ್ಟಿನ ಕೊಳವೆ ಇರುತ್ತದೆ. ಕೇಳಿದರೆ ಸುಮ್ನೆ ಕೊಡುವವರೂ ಇದ್ದಾರೆ. ಒಂದನ್ನು ತನ್ನಿ. ಕಪ್ಪು ಮತ್ತು ಬಿಳಿ ಚಾರ್ಟ್ ಪೇಪರ್, ಬೆಳ್ಳಿ ಬಣ್ಣದ ಗಿಫ್ಟ್ ಪ್ಯಾಕಿಂಗ್ ಹಾಳೆ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುತ್ತವೆ. ಟೆಫ್ಲಾನ್ ಟೇಪು ನಿಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯಲ್ಲೇ ಇದೆ. ಏಳೆಂಟು ರೀಲ್ ಬೇಕು.

ಕನ್ನಡಿಯನ್ನು ಮನೆ ಹತ್ತಿರದ ಗ್ಲಾಸ್ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಅಳತೆಯನ್ನು ಚೀಟಿಯಲ್ಲಿ ಮಿ.ಮೀ. ಲೆಕ್ಕದಲ್ಲೇ ಬರೆದುಕೊಂಡು ಹೋಗಿ. 4 ಮಿ.ಮೀ. ದಪ್ಪದ ಕನ್ನಡಿಯಾದರೆ 100×100ರ ಎರಡು, 108×100ರ ಎರಡು, 108×108ರ ಎರಡು ತುಂಡು. ಮೊದಲ ಜೋಡಿ ಎಡ ಮತ್ತು ಬಲ ಗೋಡೆ, ಎರಡನೆಯದು ಅವುಗಳ ಅಂಚನ್ನು ಮುಚ್ಚುವ ಮುಂದಿನ ಮತ್ತು ಹಿಂದಿನ ಗೋಡೆ, ಮೂರನೆಯದು ತಳ ಮತ್ತು ಮುಚ್ಚಳ. ಆಗ ಒಳಗಿನ ಜಾಗ ಸರಿಯಾಗಿ 10 ಸೆಂ.ಮೀ. ಘನ. ಆರೂ ಒಂದೇ ಅಳತೆ ಮಾಡಿಸಿದರೆ ಮೂಲೆಗಳು ಕೂಡುವುದಿಲ್ಲ, ಸಂದಿನಲ್ಲಿ ಬೆಳಕು ಸೋರುತ್ತದೆ. ಅಂಚು ಉಜ್ಜಿ ಕೊಡಲು ಹೇಳಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ.

ಅಳೆಯಲು ಆಂಡ್ರಾಯ್ಡ್ ಫೋನಿನ ಲಕ್ಸ್ ಮೀಟರ್ ಆ್ಯಪ್ ಸಾಕು. ಬೀಳುವ ಬೆಳಕು ಎಷ್ಟು ಅಂತ ಹೇಳುವ ಅಳತೆಯೇ ಲಕ್ಸ್. ಸೆನ್ಸರ್ ಸಾಮಾನ್ಯವಾಗಿ ಮುಂದಿನ ಕ್ಯಾಮೆರಾ ಪಕ್ಕದಲ್ಲಿರುತ್ತದೆ. ಬೆರಳಿಟ್ಟು ಅಂಕಿ ಎಲ್ಲಿ ಬೀಳುತ್ತದೋ ನೋಡಿ ಗುರುತು ಮಾಡಿಕೊಳ್ಳಿ.

ಹಂತ 2: ಅಂಟಿಸುವ ಮುನ್ನ ಲೇಸರ್ ಆಟ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಎರಡು ಕನ್ನಡಿ ತುಂಡುಗಳನ್ನು ಮೇಜಿನ ಮೇಲೆ ಎದುರುಬದುರು, 3 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ. ಹಿಂದೆ ಪುಸ್ತಕ ಒತ್ತಿಡಿ. ಒಂದು ತುದಿಯಿಂದ ಲೇಸರ್ ಪಾಯಿಂಟರ್ ಅನ್ನು ಸ್ವಲ್ಪ ಓರೆಯಾಗಿ ಒಳಗೆ ಬಿಡಿ. ಇನ್ನೊಂದು ತುದಿಗೆ ಕಪ್ಪು ಚಾರ್ಟ್ ಅಡ್ಡ ಇಡಿ. ನಿಮ್ಮ ಕಣ್ಣು ಯಾವಾಗಲೂ ಮೇಲೇ ಇರಲಿ, ಮೇಜಿನ ಮಟ್ಟಕ್ಕೆ ಬಗ್ಗಬೇಡಿ. ಅಗ್ಗದ ಪಾಯಿಂಟರ್‌ಗಳಲ್ಲಿ ಚೀಟಿಯಲ್ಲಿ ಬರೆದಿರುವುದಕ್ಕಿಂತ ಜಾಸ್ತಿ ಶಕ್ತಿ ಇರುವುದುಂಟು. ಮುಚ್ಚಿದ ಕನ್ನಡಿ ಡಬ್ಬದೊಳಗೆ ಲೇಸರ್ ಬಿಟ್ಟು ತೂತಿನಲ್ಲಿ ಇಣುಕುವುದಂತೂ ಬೇಡವೇ ಬೇಡ.

ಈಗ ಒಂದು ಊದುಬತ್ತಿ ಹಚ್ಚಿ ಹೊಗೆಯನ್ನು ನಡುವೆ ಹರಿಯಬಿಡಿ. ಕೆಂಪು ಗೆರೆ ಅಂಕುಡೊಂಕಾಗಿ ಎದ್ದು ಕಾಣುತ್ತದೆ. ಲೇಸರ್ ತುದಿಯನ್ನು ಒಂಚೂರು ತಿರುಗಿಸಿ. ಓರೆ ಕಮ್ಮಿಯಾಗಿ ಗೆರೆ ಕನ್ನಡಿಗಳ ಉದ್ದಕ್ಕೇ ಸಾಗಿದಷ್ಟೂ ಬಡಿತ ಕಮ್ಮಿ, ಅದು ಬೇಗ ಆಚೆ ಹೋಗುತ್ತದೆ. ಕನ್ನಡಿಗಳಿಗೆ ಲಂಬವಾಗುತ್ತ ಬಂದಷ್ಟೂ ಬಡಿತ ಜಾಸ್ತಿ, ಕೊನೆಯ ಚುಕ್ಕಿಗಳು ಮಂಕು. ಈ ಸಂಗತಿ ಕೊಳವೆಯ ಹಂತದಲ್ಲಿ ಬೇಕಾಗುತ್ತದೆ.

ಹತ್ತಿರದಿಂದ ನೋಡಿದರೆ ಪ್ರತಿ ಚುಕ್ಕಿಯ ಪಕ್ಕದಲ್ಲೂ ಒಂದು ಮರಿಚುಕ್ಕಿ ಕಾಣುತ್ತದೆ. ಕನ್ನಡಿಯ ಲೇಪ ಇರುವುದು ಗಾಜಿನ ಹಿಂಬದಿಗೆ. ಗಾಜಿನ ಮುಂಬದಿಯೂ ತನ್ನ ಪಾಲಿಗೆ ನೂರಕ್ಕೆ 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. ಮರಿಚುಕ್ಕಿ ಅದರದ್ದು.

ಹಂತ 3: ಕನ್ನಡಿ ಡಬ್ಬ ಕಟ್ಟುವುದು

ಗಾಜಿಗೆ ಡ್ರಿಲ್ ಹಾಕುವ ಗೋಜು ಬೇಡ. 100×100ರ ಒಂದು ತುಂಡನ್ನು ಮಗುಚಿ, ಹಿಂಬದಿಯ ನಡುವೆ 8 ಮಿ.ಮೀ. ವೃತ್ತ ಬರೆದುಕೊಂಡು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಮೊದಲು ಪೇಂಟ್ ಪುಡಿಪುಡಿಯಾಗಿ ಏಳುತ್ತದೆ, ಅದರ ಕೆಳಗೆ ಹೊಳೆಯುವ ಲೇಪ ಬರುತ್ತದೆ. ಅದೂ ಹೋದರೆ ಬರೀ ಗಾಜು ಉಳಿಯುತ್ತದೆ. ಇದೇ ಇಣುಕುವ ಕಿಂಡಿ. ಮುಚ್ಚಳದ ಒಂದು ಮೂಲೆಯ ಹತ್ತಿರ 5 ಮಿ.ಮೀ. ಅಗಲದ ಇನ್ನೊಂದು ಕಿಂಡಿ ಕೆರೆದುಕೊಳ್ಳಿ, ಎಲ್‌ಇಡಿಗೆ.

ಹೊಳೆಯುವ ಮುಖ ಒಳಗೆ ಬರುವಂತೆ ತಳದ ಮೇಲೆ ನಾಲ್ಕು ಗೋಡೆ ನಿಲ್ಲಿಸಿ, ಹೊರಗಿನಿಂದ ಪ್ಯಾಕಿಂಗ್ ಟೇಪ್ ಸುತ್ತಿ. ಒಳಗೆ ಅಂಟು ಹಾಕಬೇಡಿ, ಮೂಲೆ ಕೆಡುತ್ತದೆ. ಮುಚ್ಚುವ ಮೊದಲು ಕನ್ನಡಕ ಒರೆಸುವ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒಂದೇ ಒಂದು ಬೆರಳಚ್ಚು ಉಳಿದರೂ ಒಳಗೆ ಅದೇ ಸಾವಿರ ಕಡೆ ಕಾಣುತ್ತದೆ.

ಹಂತ 4: ಇಣುಕಿ ನೋಡುವುದು

ಕೋಣೆ ಕತ್ತಲು ಮಾಡಿ, ಎಲ್‌ಇಡಿಯನ್ನು ಮುಚ್ಚಳದ ಕಿಂಡಿಗೆ ಒತ್ತಿ ಹಿಡಿದು ಇಣುಕಿ. ಡಬ್ಬದ ಗಾತ್ರ ಮರೆತೇ ಹೋಗುತ್ತದೆ. ಎಲ್ಲ ದಿಕ್ಕಿನಲ್ಲೂ ಡಬ್ಬದ ಪಕ್ಕ ಡಬ್ಬ, ಅದರಾಚೆ ಇನ್ನೊಂದು. ಒಂದೊಂದರಲ್ಲೂ ಒಂದೊಂದು ದೀಪ. ಪ್ರತಿ ದೀಪವೂ ಅಷ್ಟು ಸಲ ಬಡಿದು ಬಂದ ಬೆಳಕು. ನೇರ ಸಾಲಿನಲ್ಲಿ ಐದನೆಯ ಡಬ್ಬದಲ್ಲಿ ಕಾಣುವ ದೀಪ ಐದು ಸಲ ಕಡಿತ ತಿಂದು ಬಂದಿದೆ.

ದೂರದ ಡಬ್ಬಗಳ ಬಣ್ಣ ಗಮನಿಸಿ. ಹೋಗ್ತಾ ಹೋಗ್ತಾ ಹಸಿರು. ಸಾಧಾರಣ ಗಾಜಿನಲ್ಲಿ ಸ್ವಲ್ಪ ಕಬ್ಬಿಣದ ಅಂಶ ಇರುತ್ತದೆ. ಅದು ಕೆಂಪು ಬೆಳಕನ್ನು ಕೊಂಚ ಜಾಸ್ತಿ ನುಂಗುತ್ತದೆ. ಒಂದು ಸಲ ಬಡಿದರೆ ಗೊತ್ತೇ ಆಗುವುದಿಲ್ಲ, ಇಪ್ಪತ್ತು ಸಲಕ್ಕೆ ಗೊತ್ತಾಗುತ್ತದೆ. ಕನ್ನಡಿಗೆ ಬಣ್ಣವಿಲ್ಲ ಅಂದುಕೊಂಡಿದ್ದರೆ ಇಲ್ಲಿ ನೋಡಿ.

ಈಗ ಎದುರಿನ ಒಂದು ಮೂಲೆಗೆ, ಮೂರು ಕನ್ನಡಿ ಸೇರುವ ಬಿಂದುವಿಗೆ, ದೃಷ್ಟಿ ಇಡಿ. ಅಲ್ಲಿ ನಿಮ್ಮ ಕಿಂಡಿಯೇ ಕಾಣುತ್ತದೆ, ತಲೆಕೆಳಗಾಗಿ. ಬೇರೆ ಮೂಲೆ ನೋಡಿದರೂ ಹಾಗೇ. ಒಂದಕ್ಕೊಂದು ಲಂಬವಾದ ಮೂರು ಕನ್ನಡಿಗಳು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಅಟ್ಟುತ್ತವೆ. 2023ರ ಆಗಸ್ಟ್ 23ರಂದು ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದನ್ನು ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ ನೇರ ಪ್ರಸಾರದಲ್ಲಿ ನೋಡಿದ್ದೆವಲ್ಲ, ಆ ಲ್ಯಾಂಡರ್ ಮೇಲೂ ನಾಸಾ ಕೊಟ್ಟ ಇಂಥ ಮೂಲೆಗನ್ನಡಿಗಳಿವೆ. 5 ಸೆಂ.ಮೀ. ಅಗಲದ ಪುಟ್ಟ ಗುಮ್ಮಟದ ಮೇಲೆ ಎಂಟು. ಅದೇ ವರ್ಷ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾದ ಎಲ್‌ಆರ್‌ಒ ನೌಕೆ ಸುಮಾರು 100 ಕಿ.ಮೀ. ದೂರದಿಂದ ಲೇಸರ್ ಬಿಟ್ಟು, ಅಲ್ಲಿಂದ ವಾಪಸ್ ಬಂದ ಬೆಳಕನ್ನು ಹಿಡಿಯಿತು.

ಲೆಕ್ಕದ ಹುಚ್ಚು ಇರುವವರಿಗೆ ಒಂದು ಮಾತು. ಕನ್ನಡಿ ಗೋಡೆಯ ಕೋಣೆಯಲ್ಲಿ ದೀಪ ಎಲ್ಲಿಟ್ಟರೂ ಮೂಲೆ ಮೂಲೆಗೂ ಬೆಳಕು ತಲುಪುತ್ತದೆ ಅಂತ ಅನಿಸುತ್ತದೆ, ಅಲ್ವಾ? 1958ರಲ್ಲಿ ಗಣಿತಜ್ಞ ರೋಜರ್ ಪೆನ್‌ರೋಸ್ ಬಾಗಿದ ಗೋಡೆಗಳ ಕೋಣೆಯೊಂದನ್ನು ತೋರಿಸಿದರು. ಅದರಲ್ಲಿ ದೀಪ ಎಲ್ಲೇ ಇಡಿ, ಯಾವುದೋ ಒಂದು ಭಾಗ ಕತ್ತಲಾಗಿಯೇ ಉಳಿಯುತ್ತದೆ. 1995ರಲ್ಲಿ ಜಾರ್ಜ್ ಟೊಕಾರ್ಸ್ಕಿ ನೇರ ಗೋಡೆಗಳದ್ದೇ 26 ಬದಿಯ ಕೋಣೆ ಕಂಡುಹಿಡಿದರು. ಅಲ್ಲಿ ಒಂದು ಬಿಂದುವಿನಲ್ಲಿ ದೀಪ ಇಟ್ಟರೆ ಇನ್ನೊಂದು ಬಿಂದುವಿಗೆ ಬೆಳಕು ಮುಟ್ಟುವುದೇ ಇಲ್ಲ.

ಹಂತ 5: ಬಿಳಿ ಡಬ್ಬ, ಅಳತೆ

ರಟ್ಟಿನಲ್ಲಿ ಅದೇ 10 ಸೆಂ.ಮೀ. ಘನದ ಡಬ್ಬ ಮಾಡಿ. ಒಳಗೆ ಕೂರುವಂಥ ಆರಾರು ಹಲಗೆಗಳ ನಾಲ್ಕು ಸೆಟ್ ಕತ್ತರಿಸಿಕೊಳ್ಳಿ. ಒಂದಕ್ಕೆ ಕಪ್ಪು ಚಾರ್ಟ್, ಒಂದಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಒಂದಕ್ಕೆ ಬಿಳಿ ಚಾರ್ಟ್. ನಾಲ್ಕನೆಯದಕ್ಕೆ ಟೆಫ್ಲಾನ್ ಟೇಪ್. ಒಂದು ಪದರ ಅಡ್ಡ, ಮೇಲೊಂದು ಉದ್ದ, ಹೀಗೆ ಕನಿಷ್ಠ ಹತ್ತು ಪದರ, ತುದಿಗಳನ್ನು ಹಿಂದಕ್ಕೆ ಮಡಚಿ ಅಂಟಿಸಿ. ಎಳೆದು ಹಾಕಬೇಡಿ, ಎಳೆದರೆ ತೆಳುವಾಗಿ ಹಿಂದಿನ ರಟ್ಟು ಕಾಣುತ್ತದೆ. ತಾಳ್ಮೆ ಬೇಡುವ ಕೆಲಸ, ಹಾಡು ಹಾಕಿಕೊಂಡು ಕೂತುಕೊಳ್ಳಿ.

ಮುಚ್ಚಳದಲ್ಲಿ ಎಲ್‌ಇಡಿಗೆ ತೂತು, ಒಂದು ಪಕ್ಕದಲ್ಲಿ ಫೋನ್ ಸೆನ್ಸರ್‌ಗೆ 8 ಮಿ.ಮೀ. ತೂತು. ಇವೆರಡರ ನಡುವೆ ಒಂದು ಪುಟ್ಟ ಅಡ್ಡಗೋಡೆ ಬೇಕು, ಒಳಗಿನ ಹಲಗೆಗೆ ಹಚ್ಚಿದ್ದನ್ನೇ ಅದಕ್ಕೂ ಹಚ್ಚಿ. ಎಲ್‌ಇಡಿ ಬೆಳಕು ನೇರ ಸೆನ್ಸರ್‌ಗೆ ಬಿದ್ದರೆ ನೀವು ಅಳೆಯುವುದು ದೀಪವನ್ನು, ಡಬ್ಬವನ್ನಲ್ಲ. ಒಂದೇ ಬ್ಯಾಟರಿ, ಒಂದೇ ಎಲ್‌ಇಡಿ ಬಳಸಿ. ಮೇಲೆ ಕಪ್ಪು ಬಟ್ಟೆ ಹೊದಿಸಿ ಒಂದೊಂದೇ ಸೆಟ್ ಹಾಕಿ ಅಂಕಿ ಬರೆದುಕೊಳ್ಳಿ.

ಕಪ್ಪು ಚಾರ್ಟಿನಲ್ಲಿ ಮೀಟರ್ ಹೆಚ್ಚುಕಮ್ಮಿ ಮಲಗೇಬಿಡುತ್ತದೆ. ಫಾಯಿಲ್ ಮತ್ತು ಬಿಳಿ ಚಾರ್ಟ್ ಅಕ್ಕಪಕ್ಕ ಬರುತ್ತವೆ. ಟೆಫ್ಲಾನ್ ಇವೆಲ್ಲವನ್ನೂ ಹಿಂದೆ ಹಾಕುತ್ತದೆ. ಲೆಕ್ಕ ಹೇಳಿದಷ್ಟು ಪಟ್ಟು ಬರಲಿಕ್ಕಿಲ್ಲ. ಸಂದುಗಳು, ತೂತುಗಳು, ಫೋನಿನ ಗಾಜು ಎಲ್ಲವೂ ತಮ್ಮ ಪಾಲು ತಿನ್ನುತ್ತವೆ.

ಕನ್ನಡಿ ಡಬ್ಬದ ಕಿಂಡಿಗೂ ಫೋನ್ ಹಿಡಿದು ನೋಡಿ. ಎಲ್‌ಇಡಿಯನ್ನು ಕೂದಲೆಳೆಯಷ್ಟು ಓರೆ ಮಾಡಿದರೂ ಅಂಕಿ ಕುಣಿಯುತ್ತದೆ. ಟೆಫ್ಲಾನ್ ಡಬ್ಬದಲ್ಲಿ ಎಲ್‌ಇಡಿ ಎತ್ತ ತಿರುಗಿಸಿದರೂ ಅಂಕಿ ಹೆಚ್ಚು ಅಲ್ಲಾಡುವುದಿಲ್ಲ. ಬಿಳಿ ಗೋಡೆ ಪ್ರತಿ ಬಡಿತದಲ್ಲೂ ಬೆಳಕನ್ನು ಎಲ್ಲ ಕಡೆಗೆ ಚೆಲ್ಲುತ್ತದೆ. ನಾಲ್ಕೈದು ಬಡಿತಕ್ಕೆ ಬೆಳಕು ಎಲ್ಲಿಂದ ಬಂತೆಂಬ ಗುರುತೇ ಅಳಿಸಿಹೋಗುತ್ತದೆ. ಎಲ್‌ಇಡಿ ಬಲ್ಬು ಒಟ್ಟು ಎಷ್ಟು ಬೆಳಕು ಕೊಡುತ್ತದೆ ಅಂತ ಅದರ ಡಬ್ಬದ ಮೇಲೆ ಲ್ಯೂಮೆನ್ ಅಂಕಿ ಇರುತ್ತದಲ್ಲ, ಅದನ್ನು ಅಳೆಯುವುದೂ ಒಳಗೆಲ್ಲ ಬಿಳಿ ಬಳಿದ ಟೊಳ್ಳು ಗೋಳದಲ್ಲೇ. 1900ರ ಸುಮಾರಿಗೆ ಜರ್ಮನಿಯ ರಿಚರ್ಡ್ ಉಲ್‌ಬ್ರಿಕ್ಟ್ ಬಳಕೆಗೆ ತಂದ ಉಪಾಯ ಇದು. ಅದರೊಳಗೆ ಕನ್ನಡಿ ಹಾಕುವುದಿಲ್ಲ.

ಹಂತ 6: ಕಪ್ಪು ಚೂರು

ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಇದೇ ಹೂರಣ. 3×4 ಸೆಂ.ಮೀ. ಕಪ್ಪು ಚಾರ್ಟಿನ ಚೂರು ಕತ್ತರಿಸಿ. ಡಬ್ಬದ ಒಳಮೈ ಒಟ್ಟು 600 ಚದರ ಸೆಂ.ಮೀ., ಚೂರು ಬರೀ 12. ನೂರಕ್ಕೆ ಎರಡು ಪಾಲು. ಇದನ್ನು ಮೊದಲು ಬಿಳಿ ಚಾರ್ಟಿನ ಡಬ್ಬದ ತಳದಲ್ಲಿ ಹಾಕಿ ಅಳೆಯಿರಿ, ಆಮೇಲೆ ಟೆಫ್ಲಾನ್ ಡಬ್ಬದಲ್ಲಿ.

ನೂರಕ್ಕೆ 80 ಕೊಡುವ ಗೋಡೆ ಅಂತಿಟ್ಟುಕೊಂಡರೆ, ಅದು ಮೊದಲೇ 20 ನುಂಗುತ್ತಿತ್ತು. ಚೂರು ಸೇರಿ ಸುಮಾರು 21.5 ಆಯಿತು. ಬೆಳಕು ಮೊದಲಿನ ನೂರಕ್ಕೆ 93ರಷ್ಟು ಉಳಿಯುತ್ತದೆ. 97 ಕೊಡುವ ಗೋಡೆ ಬರೀ 3 ನುಂಗುತ್ತಿತ್ತು. ಅದೇ ಚೂರು ಸೇರಿದ ಮೇಲೆ ನುಂಗುವುದು ಸುಮಾರು 4.8. ಬೆಳಕು ನೂರಕ್ಕೆ 62ಕ್ಕೆ ಬಿತ್ತು. ಡಬ್ಬ ಒಳ್ಳೆಯದಾದಷ್ಟೂ ಸಣ್ಣ ಕೊಳೆಗೆ ಹೆಚ್ಚು ಸೋಲುತ್ತದೆ. ಅಂಚೆಚೀಟಿಯಷ್ಟು ಚೂರನ್ನೂ ಹಾಕಿ ನೋಡಿ, ಟೆಫ್ಲಾನ್ ಡಬ್ಬದ ಮೀಟರ್ ಅದನ್ನೂ ಹೇಳುತ್ತದೆ.

ಹಂತ 7: ಕೊಳವೆಯಲ್ಲಿ ಕನ್ನಡಿಯ ಸರದಿ

ಬಟ್ಟೆ ಅಂಗಡಿಯ ಕೊಳವೆಯನ್ನು ಒಂದು ಮೀಟರ್ ಉದ್ದಕ್ಕೆ ಕತ್ತರಿಸಿ. ಬಿಳಿ ಚಾರ್ಟನ್ನು ಸುರುಳಿ ಸುತ್ತಿ ಒಳಗೆ ತೂರಿಸಿ. ಒಂದು ತುದಿಗೆ ಟಾರ್ಚ್, ಇನ್ನೊಂದು ತುದಿಗೆ ಫೋನ್. ಟಾರ್ಚ್ ಮುಖಕ್ಕೆ ಟಿಶ್ಯೂ ಕಾಗದ ಹಚ್ಚಿ, ಬೆಳಕು ಎಲ್ಲ ಓರೆಗಳಲ್ಲೂ ಹೋಗಲಿ. ಅಂಕಿ ಬರೆದುಕೊಂಡು ಬಿಳಿ ತೆಗೆದು ಬೆಳ್ಳಿ ಹಾಳೆ ತೂರಿಸಿ.

ಈ ಸಲ ಬೆಳ್ಳಿಯದ್ದೇ ಗೆಲುವು, ಅದೂ ದೊಡ್ಡ ಅಂತರದಲ್ಲಿ. ಬಿಳಿ ಗೋಡೆ ಬೆಳಕನ್ನು ಚೆಲ್ಲುವಾಗ ಅರ್ಧದಷ್ಟನ್ನು ಬಂದ ಕಡೆಗೇ ತಿರುಗಿಸಿಬಿಡುತ್ತದೆ. ಹೊಳೆಯುವ ಗೋಡೆ ಮುಂದಕ್ಕೇ ತಳ್ಳುತ್ತದೆ. ಲೇಸರ್ ಆಟದಲ್ಲಿ ನೋಡಿದ್ದೀರಲ್ಲ, ಓರೆ ಕಮ್ಮಿ ಇದ್ದರೆ ಬಡಿತವೂ ಕಮ್ಮಿ. ಚಾವಣಿಯಿಂದ ಹಗಲು ಬೆಳಕನ್ನು ಕೆಳಗೆ ಇಳಿಸುವ ಬೆಳಕಿನ ಕೊಳವೆಗಳ ಒಳಗೆ ಕನ್ನಡಿಯಂಥ ಹಾಳೆಯೇ ಇರುವುದು ಇದಕ್ಕೇ.

ಹಂತ 8: ನಿಮ್ಮ ಮನೆ ಅಳೆಯುವುದು

ಬೆಳಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾದರೆ ಹೊಳಪು ಬೇಕು. ಇರುವ ಬೆಳಕನ್ನು ಕೋಣೆಯಲ್ಲಿ ಉಳಿಸಿಕೊಳ್ಳಬೇಕಾದರೆ ಬಿಳಿ ಬೇಕು. ಕಿರಿದಾದ, ಆಳವಾದ ಡಕ್ಟ್‌ಗೆ ಹೊಳೆಯುವ ಶೀಟ್ ಹಾಕಿಸುವುದು ಸರಿ. ಹಾಲ್‌ನ ಗೋಡೆಗೆ ಕನ್ನಡಿ ಹಾಕಿಸುವುದು ಅಂದಕ್ಕೆ, ಅಷ್ಟೇ. ಅದೇ ದುಡ್ಡಿಗೆ ಚಾವಣಿಗೆ ಅಚ್ಚ ಬಿಳಿ ಹೊಡೆಸಿ. ಐವರಿ, ಕ್ರೀಮ್ ಅಂತ ಆರಿಸುವಾಗ ಒಂದು ವಿಷಯ ನೆನಪಿರಲಿ. ಶೇಡ್ ಕಾರ್ಡಿನಲ್ಲಿ ಕಾಣುವುದು ಒಂದೇ ಬಡಿತದ ಬಣ್ಣ. ನಾಲ್ಕು ಗೋಡೆಗೂ ಹೊಡೆದ ಮೇಲೆ ಬೆಳಕು ಹತ್ತು ಸಲ ಬಡಿದು ಬರುತ್ತದೆ, ಹಳದಿ ಕಾರ್ಡಿಗಿಂತ ಗಾಢವಾಗುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ಬಿಸಿಲು ಬಿದ್ದಾಗ ಬಿಳಿ ಚಾವಣಿಗೂ ಕೆಂಪು ಏರುವುದು ಹೀಗೇ.

ಕಪ್ಪು ಚೂರಿನ ಕೆಲಸ ಮಾಡುವವು ಮನೆಯಲ್ಲಿ ವಾರ್ಡ್‌ರೋಬ್, ಸೋಫಾ, ದಪ್ಪ ಪರದೆ, ಟಿವಿ. ಪೇಂಟರ್‌ಗೆ ಅಡ್ವಾನ್ಸ್ ಕೊಡುವ ಮೊದಲು ಹೀಗೆ ಮಾಡಿ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಲೈಟ್ ಎಲ್ಲ ಆರಿಸಿ, ಕಿಟಕಿಯಿಂದ ದೂರದ ಮೂಲೆಯಲ್ಲಿ ಸ್ಟೂಲ್ ಮೇಲೆ ಫೋನ್ ಇಟ್ಟು ಲಕ್ಸ್ ಬರೆದುಕೊಳ್ಳಿ. ವಾರ್ಡ್‌ರೋಬ್ ಮತ್ತು ಸೋಫಾ ಮೇಲೆ ಬಿಳಿ ಬೆಡ್‌ಶೀಟ್ ಹೊದಿಸಿ. ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ನಿಮ್ಮ ಶರ್ಟ್ ಕಪ್ಪಗಿದ್ದರೆ ಫೋನಿನಿಂದ ದೂರ ನಿಲ್ಲಿ. ಬೆಂಗಳೂರಿನ ಮೋಡ ನಂಬುವ ಹಾಗಿಲ್ಲ, ಎರಡು ಅಳತೆಗಳ ನಡುವೆಯೇ ಬಿಸಿಲು ಹೋಗಿಬಿಡುತ್ತದೆ. ಮನೆಯವರ ಇನ್ನೊಂದು ಫೋನನ್ನು ಕಿಟಕಿಯ ಹೊರಗಿನ ಸಜ್ಜೆಯ ಮೇಲಿಡಿ. ಅದರ ಅಂಕಿ ಎರಡೂ ಸಲ ಒಂದೇ ಬಂದಿದ್ದರೆ ಮಾತ್ರ ಒಳಗಿನ ಅಂಕಿಗಳನ್ನು ಹೋಲಿಸಿ.